ಕ್ಲೈಮ್ಯಾಕ್ಸ್ ಇಲ್ಲದ ಕ್ಯಾಸೆಟ್

ಅಳಿಯನಾದವನು ಮಾವನಿಗೆ ಉಡುಗೊರೆ ತರಬಾರದೆಂದು ಯಾರೂ ಹೇಳುವುದಿಲ್ಲ. ಅಂಗಿ ತರಲಿ, ಕೊಡೆ ತರಲಿ, ಮೊಣಕಾಲಿಗೆ ಹಚ್ಚುವ ಎಣ್ಣೆಯನ್ನಾದರೂ ತರಲಿ. ಆದರೆ ಮಾವನ ಮಾನವನ್ನೇ ಬಣ್ಣದ ಕಾಗದದಲ್ಲಿ ಸುತ್ತಿ, ಮೇಲೊಂದು ರಿಬ್ಬನ್ ಕಟ್ಟಿ ತಂದುಕೊಟ್ಟರೆ ಏನು ಮಾಡುವುದು? ಆ ಶನಿವಾರ ಸಂಜೆ ಕ್ಯಾಸೆಟ್ಟಣ್ಣನಿಗೆ ಬಂದ ಫಜೀತಿ ಇದೇ.

ಕ್ಯಾಸೆಟ್ಟಣ್ಣ ಎಂಬುದು ಬೀದಿಯವರು ಇಟ್ಟ ಹೆಸರು. ಈಗ ಅವರದು ಜೆರಾಕ್ಸ್ ಅಂಗಡಿ. ತೊಂಬತ್ತರ ದಶಕದಲ್ಲಿ ಅದೇ ಅಂಗಡಿಯ ತುಂಬ, ನೆಲದಿಂದ ಸೂರಿನವರೆಗೆ, ವಿಡಿಯೊ ಕ್ಯಾಸೆಟ್ಟುಗಳಿದ್ದವು. ಬಾಡಿಗೆಗೆ ಕೊಡುವುದು, ಮರಳಿ ಬಂದಾಗ ರಿವೈಂಡ್ ಮಾಡಿದ್ದಾರೋ ಇಲ್ಲವೋ ಎಂದು ಬೆಳಕಿಗೆ ಹಿಡಿದು ನೋಡುವುದು, ಮಾಡದವರಿಗೆ ನಾಲ್ಕು ಮಾತು ಹೇಳುವುದು ಅವರ ಕಸುಬು. ಕಾಲ ಕಾಲು ಜಾಡಿಸಿತು. ಕ್ಯಾಸೆಟ್ಟುಗಳು ಮನೆಯ ಅಟ್ಟ ಸೇರಿದವು, ಹೆಸರು ಮಾತ್ರ ಬೀದಿಯಲ್ಲೇ ಉಳಿಯಿತು.

ಆ ಅಟ್ಟ ಅವರ ಸಂಸಾರದ ಗಡಿ ವಿವಾದ. ಹೆಂಡತಿ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಅವರ ಪುಸ್ತಕಗಳು ಜಾಗ ಸಾಲದೆ ಮಂಚದ ಕೆಳಗಿನಿಂದ ಈಗ ಮಂಚದ ಮೇಲಕ್ಕೂ ಹಬ್ಬಿದ್ದವು.

"ರೀ, ಈ ಭಾನುವಾರನಾದ್ರೂ ಅಟ್ಟ ಖಾಲಿ ಮಾಡಿಕೊಡ್ತೀರಾ?"

"ಮಾಡ್ತಿದ್ದೆ ಕಣೇ. ಕೈನ ಭುಜಕ್ಕಿಂತ ಮೇಲೆ ಎತ್ತಬೇಡಿ ಅಂದಿದ್ದಾರೆ ಡಾಕ್ಟರು."

"ಯಾವ ಡಾಕ್ಟರು?"

"ಇವರೇ, ನಮ್ಮ ಪಕ್ಕದ ಮನೆಯೋರು."

"ಅವರು ಹಲ್ಲಿನ ಡಾಕ್ಟರು."

"ಹಲ್ಲೂ ಭುಜವೂ ಒಂದೇ ಮೈಯಲ್ಲಿ ತಾನೆ ಇರೋದು," ಎಂದರು ಕ್ಯಾಸೆಟ್ಟಣ್ಣ. (ಇಂಥ ತರ್ಕಕ್ಕೆ ಗಣಿತದಲ್ಲಿ ಉತ್ತರವಿಲ್ಲ.)

ಇಷ್ಟರಲ್ಲಿ ಮಗಳು ಅಳಿಯ ಬಂದರು. ಅಳಿಯ ಪೊಟ್ಟಣ ಕೊಟ್ಟ. ಬಿಚ್ಚಿದರೆ ಒಂದು ಡಿಸ್ಕ್. ಮೇಲೆ ಉರಿಯುವ ರೈಲು, ರೈಲಿನ ನೆತ್ತಿಯ ಮೇಲೆ ಅಂಗಿ ಹರಿದ ಹೀರೋ.

"ರೈಲು ಪಿಕ್ಚರ್ ಮಾವ. ಅತ್ತೆ ಯಾವಾಗ್ಲೂ ಹೇಳ್ತಾರಲ್ಲ, ನಿಮ್ಮಿಬ್ಬರ ಮದುವೆಗೆ ಇದೇ ಕಾರಣ ಅಂತ. ಹೊಸದಾಗಿ ಬಣ್ಣ ತೊಳೆದು, ಸದ್ದು ತೊಳೆದು ಬಿಟ್ಟಿದ್ದಾರೆ. ಎಲ್ಲೂ ಕತ್ತರಿ ಹಾಕಿಲ್ಲ. ಕೊನೇವರೆಗೂ ಪೂರ್ತಿ ಇದೆ."

"ಪೂರ್ತಿ ಇದೆಯಾ?" ಎಂದರು ಕ್ಯಾಸೆಟ್ಟಣ್ಣ. ಹಣೆಯ ಬೆವರನ್ನು ಅಂಗೈಯಿಂದ ಒರೆಸಿಕೊಂಡರು.

ಅವರು ಬೆವರಿದ್ದೇಕೆ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಆ ಸಿನಿಮಾ ಕ್ಯಾಸೆಟ್ಟಿಗಿಂತ ಉದ್ದವಾಗಿತ್ತು. ಯಾರೋ ಪುಣ್ಯಾತ್ಮ ತುಂಬಿಸಿ ಕೊಟ್ಟ ಪ್ರತಿಯಲ್ಲಿ, ಬಾಂಬು ಹೊತ್ತ ರೈಲು ಮುರಿದ ಸೇತುವೆಯತ್ತ ಧಾವಿಸುತ್ತದೆ, ಹೀರೋ ಎಂಜಿನ್ನಿಗೆ ಜಿಗಿಯುತ್ತಾನೆ, ಬ್ರೇಕಿಗೆ ಕೈ ಚಾಚುತ್ತಾನೆ, ಅಲ್ಲಿಗೆ ತೆರೆಯ ತುಂಬ ಇರುವೆ ಮುತ್ತಿದಂತೆ ಕಪ್ಪು ಬಿಳಿ ಚುಕ್ಕಿ. ಟೇಪು ಮುಗಿಯಿತು. ಗಿರಾಕಿಗಳು ಮರುದಿನ ಬೆಳಿಗ್ಗೆಯೇ ಬಂದು ಕೌಂಟರು ಗುದ್ದಿದರು. "ಕೊನೆಗೇನಾಯ್ತು?" ಕ್ಯಾಸೆಟ್ಟಣ್ಣ ಆ ಕೊನೆಯನ್ನು ನೋಡಿರಲೇ ಇಲ್ಲ. ಸಿನಿಮಾ ಥಿಯೇಟರಿನಲ್ಲಿದ್ದ ಒಂದೇ ವಾರ ಅವರು ಜ್ವರ ಬಂದು ಮಲಗಿದ್ದರು. ಆದರೆ ಗೊತ್ತಿಲ್ಲ ಎಂದರೆ ಅಂಗಡಿಯ ಮರ್ಯಾದೆ ಏನಾಗಬೇಕು? ಬಾಯಿಗೆ ಬಂದದ್ದನ್ನು ಹೇಳಿದರು.

ಬರೀ ಹೇಳಿದ್ದರೆ ಸರಿಯಿತ್ತು. ಆಳು ನೋಡಿ ಹೇಳಿದರು. ಹಲ್ಲಿನ ಡಾಕ್ಟರಿಗೆ, ಖಳನಾಯಕನ ಟೊಳ್ಳು ದವಡೆ ಹಲ್ಲಿನಲ್ಲಿ ಬಾಂಬಿನ ಕೀಲಿಯಿತ್ತೆಂದೂ ಹೀರೋ ಅದನ್ನು ಬರಿಗೈಯಲ್ಲಿ ಕಿತ್ತನೆಂದೂ ಹೇಳಿದರು. ಡಾಕ್ಟರು ಇಂದಿಗೂ ಅದನ್ನು ರೋಗಿಗಳಿಗೆ ಹೇಳುತ್ತಾರೆ. (ರೋಗಿಗಳ ಬಾಯಿ ಆಗ ತೆರೆದೇ ಇರುವುದರಿಂದ ಯಾರೂ ಆಕ್ಷೇಪಿಸಿಲ್ಲ.) ಎದುರಿನ ಬೇಕರಿಯವರು ಆ ದಿನಗಳಲ್ಲಿ ತಮ್ಮ ಸ್ವಂತ ಅಣ್ಣನೊಡನೆ ಮಾತು ಬಿಟ್ಟಿದ್ದರು. ಅವರಿಗೆ, ಎಂಜಿನ್ ಓಡಿಸುತ್ತಿದ್ದವನೇ ಹೀರೋನ ಮುನಿದು ಹೋದ ಅಣ್ಣನೆಂದೂ, ಇಬ್ಬರೂ ತಬ್ಬಿಕೊಂಡು ಬ್ರೇಕು ಎಳೆದರೆಂದೂ ಹೇಳಿದರು. ಬೇಕರಿಯವರು ಕೌಂಟರಿನ ಮುಂದೆಯೇ ಅತ್ತು, ಅದೇ ಸಂಜೆ ಅಣ್ಣನ ಮನೆಗೆ ಹೋದರು. ಈಗಲೂ ಅಣ್ಣ ಹಿಟ್ಟು ನಾದುತ್ತಾನೆ, ತಮ್ಮ ಒಲೆ ನೋಡುತ್ತಾನೆ.

ಇನ್ನು ಗಣಿತದ ಟೀಚರು. ಆಗಿನ್ನೂ ಕೆಲಸಕ್ಕೆ ಸೇರಿದ ಹೊಸದು, ತುಟಿ ಬಿಗಿದುಕೊಂಡು ಬಂದು ಕ್ಯಾಸೆಟ್ಟು ಕೌಂಟರಿನ ಮೇಲಿಟ್ಟು, "ಕೊನೆ ಇಲ್ಲ," ಎಂದಿದ್ದರು. ಅವರಿಗೆ ಕ್ಯಾಸೆಟ್ಟಣ್ಣ, ಸ್ಟೇಷನ್ ಮಾಸ್ಟರ ಮಗಳಾದ ಹೀರೋಯಿನ್ನು ಪ್ಲಾಟ್‌ಫಾರಮ್ಮಿನ ಮೇಲೆ ಸೀಮೆಸುಣ್ಣದಲ್ಲಿ ರೈಲಿನ ವೇಗದ ಲೆಕ್ಕ ಹಾಕಿ, ಸರಿಯಾದ ಕ್ಷಣಕ್ಕೆ ಹಳಿ ಬದಲಿಸಿ ಎಲ್ಲರನ್ನೂ ಉಳಿಸಿದಳೆಂದು ಹೇಳಿದರು. ಟೀಚರು ಅದೇ ಕ್ಯಾಸೆಟ್ಟನ್ನು ಮತ್ತೆ ಒಯ್ದರು, ಮತ್ತೆ ತಂದರು, ಮತ್ತೆ ಒಯ್ದರು. ವರ್ಷ ತುಂಬುವುದರೊಳಗೆ ಮದುವೆಯಾಯಿತು.

ಆದ್ದರಿಂದ ಕ್ಯಾಸೆಟ್ಟಣ್ಣನ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಗಿದ್ದರೆ ಅದರಲ್ಲಿ ಅತಿಶಯವೇನೂ ಇಲ್ಲ. ಸುಳ್ಳು ಲೆಕ್ಕ ಕಂಡರೆ ಕೆಂಪು ಶಾಯಿಯಲ್ಲಿ ಗೀಟು ಹಾಕುವ ಹೆಂಗಸು. ಸಂಸಾರದ ಮೊದಲ ಸಾಲೇ ತಪ್ಪು ಎಂದು ತಿಳಿದರೆ ಕೆಳಗಿನ ಉತ್ತರವನ್ನೆಲ್ಲ ಹೊಡೆದುಹಾಕುವುದಿಲ್ಲವೇ? ಅವರಿಗೆ ನಿಜಕ್ಕೂ ಭಯವಾಯಿತು.

ಟೀಚರಮ್ಮ ಡಿಸ್ಕನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ನಾಳೆ ಮಧ್ಯಾಹ್ನ ಹಾಕೋಣ. ಡಾಕ್ಟರನ್ನೂ ಬೇಕರಿಯವರನ್ನೂ ಕರೀತೀನಿ. ಅವರಿಗೂ ಈ ಪಿಕ್ಚರ್ ಅಂದ್ರೆ ಪ್ರಾಣ," ಎಂದರು.

"ಅವರೆಲ್ಲ ಯಾಕೆ, ಬಿಡುವಿಲ್ಲದೋರು."

"ಭಾನುವಾರ ಯಾರು ಹಲ್ಲು ಕೀಳಿಸ್ಕೊಳ್ತಾರೆ?"

ಭಾನುವಾರ ಬೆಳಿಗ್ಗೆ ಕ್ಯಾಸೆಟ್ಟಣ್ಣ ಕಾರ್ಯಾಚರಣೆಗೆ ಇಳಿದರು. ಪ್ಲೇಯರಿನ ರಿಮೋಟಿನಿಂದ ಸೆಲ್ಲು ತೆಗೆದರು. ಎಲ್ಲಿ ಬಚ್ಚಿಡುವುದು? ಜೇಬಿನಲ್ಲಿಟ್ಟರೆ ಹೆಂಡತಿ ಒಗೆಯುವ ಮುಂಚೆ ತಡವುತ್ತಾರೆ. ಡ್ರಾಯರಿನಲ್ಲಿಟ್ಟರೆ ಮಗಳು ತೆರೆಯುತ್ತಾಳೆ. ಯೋಚಿಸಿ ಯೋಚಿಸಿ, ಸೆಲ್ಲು ಇರಬೇಕಾದ ಜಾಗದಲ್ಲಿಯೇ ಸೆಲ್ಲನ್ನು ಅಡಗಿಸಿದರೆ ಯಾರಿಗೆ ಅನುಮಾನ ಬಂದೀತು ಎಂದು, ಒಂದನ್ನು ಗೋಡೆ ಗಡಿಯಾರದೊಳಗೆ ತುರುಕಿದರು, ಇನ್ನೊಂದನ್ನು ಅದರ ನೆತ್ತಿಯ ಮೇಲಿಟ್ಟರು. ತಮ್ಮ ಬುದ್ಧಿಗೆ ತಾವೇ ಬೆರಗಾದರು.

ಮಧ್ಯಾಹ್ನ ಎಲ್ಲರೂ ಬಂದು ಕೂತರು. ಬೇಕರಿಯವರು ಬಿಸಿ ಬನ್ನು ತಂದಿದ್ದರು. ಅಳಿಯ ರಿಮೋಟು ಒತ್ತಿದ, ತಟ್ಟಿದ, ಬೆನ್ನು ತೆರೆದ. "ಸೆಲ್ಲೇ ಇಲ್ಲ."

"ಅಯ್ಯೋ ಪಾಪ," ಎಂದರು ಕ್ಯಾಸೆಟ್ಟಣ್ಣ. "ಇರಲಿ ಬಿಡಿ, ಬನ್ನು ತಿಂದು ಮಾತಾಡೋಣ."

ಆಗ ಟೀಚರಮ್ಮ ಕಿವಿಗೊಟ್ಟರು. ಟಿಕ್, ಟಿಕ್, ಟಿಕ್. ಕತ್ತೆತ್ತಿ ಗೋಡೆ ನೋಡಿದರು. "ಬೇಸಿಗೆಯಿಂದ ನಿಂತಿದ್ದ ಗಡಿಯಾರ ಇವತ್ತು ತಾನಾಗೇ ಓಡ್ತಿದೆಯಲ್ಲ." ಕುರ್ಚಿ ಹಾಕಿಕೊಂಡು ಹತ್ತಿ ಎರಡೂ ಸೆಲ್ಲು ಇಳಿಸಿ ಅಳಿಯನ ಕೈಗಿಟ್ಟರು. ಗಂಡನ ಕಡೆ ನೋಡಲಿಲ್ಲ. ನೋಡಿದ್ದರೇ ವಾಸಿಯಿತ್ತು ಎಂದು ಗಂಡನಿಗೆ ಅನ್ನಿಸಿತು.

ಸಿನಿಮಾ ಶುರುವಾಯಿತು. ಎಂಥ ಸಿನಿಮಾ ಅಂತೀರಿ! ಕ್ಯಾಸೆಟ್ಟಿನಲ್ಲಿ ಮಬ್ಬಾಗಿ ಕಾಣುತ್ತಿದ್ದ ಹೊಗೆ ಈಗ ಕಣ್ಣಿಗೆ ಬಂದಂತಿತ್ತು. ಸ್ವಲ್ಪ ಹೊತ್ತಿಗೆಲ್ಲ ಕ್ಯಾಸೆಟ್ಟಣ್ಣ ತಮ್ಮ ಸಂಕಟ ಮರೆತರು. ಮಾತುಗಳೆಲ್ಲ ಅವರಿಗೆ ಬಾಯಿಪಾಠ. ಹೀರೋ ಮೇಲ್ಸೇತುವೆಯಿಂದ ಓಡುವ ರೈಲಿನ ಮೇಲೆ ಹಾರಿದಾಗ ಅವರು ಎದ್ದು ನಿಂತು, ಎರಡೂ ಕೈಯನ್ನು ತಲೆಯ ಮೇಲೆತ್ತಿ ಚಪ್ಪಾಳೆ ಹೊಡೆದರು. ಟೀಚರಮ್ಮ ಅದನ್ನು ಕಡೆಗಣ್ಣಲ್ಲಿ ಗಮನಿಸಿದರು.

ಕೊನೆ ಹತ್ತಿರವಾಯಿತು. ಡಾಕ್ಟರು ಅಳಿಯನ ತೊಡೆ ತಟ್ಟಿದರು. "ಈಗ ನೋಡಿ, ಹಲ್ಲು ಕೀಳ್ತಾನೆ."

"ಯಾವ ಹಲ್ಲು?" ಎಂದರು ಬೇಕರಿಯವರು.

"ವಿಲನ್ನಿನ ದವಡೆ ಹಲ್ಲು. ಅದರಲ್ಲೇ ತಾನೆ ಕೀಲಿ ಇರೋದು."

"ಏನ್ ಹೇಳ್ತೀರಿ ಡಾಕ್ಟ್ರೇ, ಅಣ್ಣ ತಮ್ಮ ಒಂದಾಗ್ತಾರೆ. ನಾನು ಕಣ್ಣಾರೆ ನೋಡಿದ್ದೀನಿ."

"ನಾನೇನು ಕಣ್ಣು ಮುಚ್ಕೊಂಡು ನೋಡಿದ್ನಾ? ಬೇರು ಸಮೇತ ಬಂತು ಹಲ್ಲು. ರಕ್ತ ಕೂಡ ಕಂಡಿದ್ದೀನಿ."

(ಕಿವಿಯಲ್ಲಿ ಕೇಳಿದ್ದು ಇಷ್ಟು ವರ್ಷ ತಲೆಯಲ್ಲಿ ನೆನೆದರೆ ಕಣ್ಣಲ್ಲಿ ಕಂಡದ್ದೇ ಆಗಿಬಿಡುತ್ತದೆ. ಸಾಕ್ಷಿ ಹೇಳುವವರು ನೆನಪಿಡಬೇಕು.) ಕ್ಯಾಸೆಟ್ಟಣ್ಣ ಬನ್ನಿನ ತಟ್ಟೆಯ ಹಿಂದೆ ಅಡಗಲು ಆದೀತೇ ಎಂದು ಅಂದಾಜು ಹಾಕುತ್ತಿದ್ದರು.

ಅಷ್ಟರಲ್ಲಿ ಹೀರೋ ಎಂಜಿನ್ನಿಗೆ ಜಿಗಿದ. ಬ್ರೇಕಿಗೆ ಕೈ ಚಾಚಿದ. ಇರುವೆ ಬರಲಿಲ್ಲ. ಹೀರೋ ಬ್ರೇಕು ಎಳೆದ. ರೈಲು ನಿಂತಿತು. ಖಳನಾಯಕ ಕಾಲು ಜಾರಿ ತಾನೇ ಹೊಳೆಗೆ ಬಿದ್ದ. ಹೀರೋಯಿನ್ನು ಓಡಿಬಂದು "ಏನೂ ಆಗಿಲ್ಲ ತಾನೆ?" ಎಂದಳು. ಹೀರೋ "ಇಲ್ಲ," ಎಂದ. ಪೊಲೀಸರು ಬಂದರು. ಮುಗಿಯಿತು.

"ಇಷ್ಟೇನಾ?" ಎಂದರು ಬೇಕರಿಯವರು. "ಅಣ್ಣ ಎಲ್ಲಿ?"

"ಈ ಡಿಸ್ಕ್ ಸರಿ ಇಲ್ಲ," ಎಂದು ಡಾಕ್ಟರು ತೀರ್ಪು ಕೊಟ್ಟರು. "ತೊಳೆಯೋ ಭರದಲ್ಲಿ ಕೊನೇನೂ ತೊಳೆದುಬಿಟ್ಟಿದ್ದಾರೆ. ವಾಪಸ್ ಕೊಡಪ್ಪಾ ಇದನ್ನ."

ಅಳಿಯ ಕಕ್ಕಾಬಿಕ್ಕಿಯಾದ. ಆಮೇಲೆ ಡಾಕ್ಟರೂ ಬೇಕರಿಯವರೂ ಒಟ್ಟಿಗೆ ಕ್ಯಾಸೆಟ್ಟಣ್ಣನ ಕಡೆ ತಿರುಗಿದರು. "ನೀವೇ ಹೇಳಿ. ಹಲ್ಲಾ, ಅಣ್ಣನಾ?"

ಕ್ಯಾಸೆಟ್ಟಣ್ಣನ ನಾಲಿಗೆ ಮೊದಲ ಬಾರಿಗೆ ಕೈಕೊಟ್ಟಿತು. ಬೇಕರಿಯವರ ಕಣ್ಣಂಚಿನಲ್ಲಿ ನೀರಿತ್ತು. ಅದನ್ನು ನೋಡಿದ ಮೇಲೆ ನಿಜ ಹೇಳಲೂ ಆಗಲಿಲ್ಲ, ಸುಳ್ಳು ಹೇಳಲೂ ಆಗಲಿಲ್ಲ.

"ಎರಡೂ ಸರಿ," ಎಂದರು ಟೀಚರಮ್ಮ, ತರಗತಿಯಲ್ಲಿ ಹೇಳುವ ಹಾಗೆ. "ಆಗ ಆ ಪಿಕ್ಚರಿಗೆ ಮೂರ್ನಾಲ್ಕು ಥರ ಕೊನೆ ತೆಗೆದಿದ್ರು. ಬೇರೆ ಬೇರೆ ಕ್ಯಾಸೆಟ್ಟಲ್ಲಿ ಬೇರೆ ಬೇರೆ ಬಂತು. ನಿಮಗೆ ಸಿಕ್ಕಿದ್ದು ಅಣ್ಣಂದು, ಡಾಕ್ಟರಿಗೆ ಸಿಕ್ಕಿದ್ದು ಹಲ್ಲಿಂದು. ಟೀ ತಗೊಳ್ಳಿ, ಆರುತ್ತೆ."

ಬೇಕರಿಯವರು ಕಣ್ಣೊರೆಸಿಕೊಂಡರು. "ನಮ್ಮ ಅಣ್ಣನಿಗೆ ಹೇಳ್ತೀನಿ, ನಮಗೆ ಸಿಕ್ಕಿದ್ದೇ ಒಳ್ಳೇದು ಅಂತ," ಎಂದು ಟೀ ಕುಡಿದು ಹೊರಟರು. ಡಾಕ್ಟರೂ ಹೊರಟರು. ಮಗಳು ಅಳಿಯ ಅವರನ್ನು ಬೀಳ್ಕೊಡಲು ಬೀದಿಗಿಳಿದರು.

ಒಂದು ಅಂಕಿಯನ್ನೂ ಸುಳ್ಳು ಮಾಡದ ಹೆಂಡತಿ ಹೀಗೆ ನಿರರ್ಗಳವಾಗಿ ಸುಳ್ಳು ಹೇಳಿದ್ದನ್ನು ಕಂಡು ಕ್ಯಾಸೆಟ್ಟಣ್ಣ ಕೂತಲ್ಲೇ ಕೂತಿದ್ದರು.

"ನಿನಗೆ... ಗೊತ್ತಿತ್ತಾ?"

"ಥಿಯೇಟರಲ್ಲೇ ನೋಡಿದ್ದೆ, ಅಕ್ಕನ ಜೊತೆ. ಇದೇ ಕೊನೆ. ಆಗಲೂ ಸಪ್ಪೆ."

"ಮತ್ತೆ ಕ್ಯಾಸೆಟ್ ಯಾಕೆ ಒಯ್ದೆ?"

"ಮೊದಲನೇ ಸಲ ಅಮ್ಮನಿಗೆ ತೋರಿಸೋಕೆ. ವಾಪಸ್ ಕೊಡುವಾಗ ನೀವು ಆ ಸೀಮೆಸುಣ್ಣದ ಕಥೆ ಹೇಳಿದ್ರಲ್ಲ. ಲೆಕ್ಕ ಪೂರ್ತಿ ತಪ್ಪು. ಆ ವೇಗಕ್ಕೆ ರೈಲು ಸೇತುವೆಯಿಂದ ಬಿದ್ದು ಹೊಳೇಲಿ ಇರಬೇಕಿತ್ತು. ತಿದ್ಕೋತಾರಾ ನೋಡೋಣ ಅಂತ ಇನ್ನೊಂದು ಸಲ ಬಂದೆ. ನೀವು ಮೊದಲು ಹೇಳಿದ್ದು ಮರೆತು ಬೇರೇನೇ ಕೊನೆ ಹೇಳಿದ್ರಿ. ಅದು ಚೆನ್ನಾಗಿತ್ತು. ಮತ್ತೆ ಬಂದೆ." ಟೀಚರಮ್ಮ ಲೋಟಗಳನ್ನು ಒಟ್ಟು ಮಾಡುತ್ತ ನಿಂತರು. "ಆ ಅಂಗಡೀಲಿ ನಾನು ಪಿಕ್ಚರಿಗೆ ಬಂದಿದ್ದಲ್ಲ."

ಕ್ಯಾಸೆಟ್ಟಣ್ಣನಿಗೆ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಇಷ್ಟು ವರ್ಷ ಅಂಜಿದ್ದೆಲ್ಲ ದಂಡ. ತನ್ನನ್ನು ಪೂರ್ತಿ ತಿಳಿದೇ ಈಕೆ ಕೈ ಹಿಡಿದಿದ್ದಾಳೆ. ಅವರಿಗೆ ನಗು ಬಂತು, ಕಣ್ಣು ಒದ್ದೆಯಾಯಿತು. ಆಮೇಲೆ ನಿಧಾನವಾಗಿ, ಬಹಳ ನಿಧಾನವಾಗಿ, ಬೇರೊಂದು ವಿಚಾರ ಹೊಳೆಯಿತು.

"ಅಂದ್ರೆ ನಾನು ಹೇಳಿದ್ದು ಯಾವುದನ್ನೂ ನೀನು ನಂಬಿರಲಿಲ್ಲ?"

"ಯಾವುದನ್ನೂ ಇಲ್ಲ."

"ಮದುವೆ ಆದ ಮೇಲೆ ಹೇಳಿದ್ದು?"

"ಯಾವುದು? ನಮಗೆ ಸೈಕಲ್ಲೇ ಇಲ್ಲದ ಕಾಲದಲ್ಲಿ ಪಂಕ್ಚರ್ ಆಗಿ ತಡವಾಗಿದ್ದಾ? ಒಬ್ಬನೇ ಸ್ನೇಹಿತನ ಮದುವೆಗೆ ಅಂತ ಎರಡು ಸಲ ಹೋಗಿದ್ದಾ?"

ಟೀಚರಮ್ಮ ಒಳಗೆ ಹೋಗಿ ಏಣಿ ತಂದು ಅಟ್ಟಕ್ಕೆ ಒರಗಿಸಿದರು. ಆಮೇಲೆ ಕುರ್ಚಿಯೊಂದನ್ನು ಎದುರಿಗೆಳೆದು, ಗಲ್ಲಕ್ಕೆ ಕೈಯಿಟ್ಟು, ಅಂದು ಕೌಂಟರಿನ ಮುಂದೆ ನಿಂತಾಗ ಇದ್ದ ಅದೇ ಮುಖದಿಂದ ಕೂತರು.

"ಹೀರೋ ಹಾರಿದಾಗ ಎರಡೂ ಕೈ ತಲೆ ಮೇಲೆ ಹೋಗಿದ್ವು. ಹೇಳಿ, ಅದು ಹೇಗಾಯ್ತು? ನಿಧಾನವಾಗಿ ಹೇಳಿ, ಕೇಳ್ತೀನಿ. ಕಥೆ ಮುಗಿದ ಮೇಲೆ ಏಣಿ ಹತ್ತಿದ್ರೆ ಸಾಕು."