ಕುಲ್ಸುಂ ಬೀ ಯೂರಿಯಾ ಬಿಟ್ಟ ಬಗೆ

ಕಡಬದ ಕುಲ್ಸುಂ ಬೀಯವರು ತಮ್ಮ ಅರ್ಧ ಎಕರೆಗೆ ಎಂದೂ ಒಂದು ಹಿಡಿ ರಾಸಾಯನಿಕ ಗೊಬ್ಬರವನ್ನೂ ಹಾಕಿರಲಿಲ್ಲವಾದ ಕಾರಣ, ಅವರನ್ನು ಸಾವಯವ ಬೀಜ ಬೆಳೆಗಾರರೆಂದು ದೃಢೀಕರಿಸಲು ನಿಯಮದಲ್ಲಿ ಅವಕಾಶವಿರಲಿಲ್ಲ.

ಅವರಿಗೆ ಸರ್ಟಿಫಿಕೇಟಿನ ಆಸೆಯೇನೂ ಇರಲಿಲ್ಲ. ಅತ್ತೆಯಿಂದ ಬಂದ ಬಿಳಿ ಬದನೆಯ ಬೀಜವನ್ನು ಬೂದಿಯಲ್ಲಿ ಹೊರಳಿಸಿ ಒಣಗಿಸಿ, ಮೂವತ್ತು ವರ್ಷದಿಂದ ಗುಬ್ಬಿಯ ಬೀಜದಂಗಡಿ ನಾಗಭೂಷಣ್‌ಗೆ ಕೊಡುತ್ತಿದ್ದರು. ಆ ವರ್ಷ ಅವನು ಪೊಟ್ಟಣ ಮುಟ್ಟಲಿಲ್ಲ.

"ಸರ್ಟಿಫಿಕೇಟ್ ಇಲ್ದಿದ್ರೆ ಇಟ್ಕೊಳಂಗಿಲ್ವಂತೆ ಕುಲ್ಸುಮಕ್ಕ. ಬೀಜ ಚೆನ್ನಾಗಿದೆ ಅಂತ ನಂಗೂ ಗೊತ್ತು, ಬೀಜಕ್ಕೂ ಗೊತ್ತು. ಕಾಗದಕ್ಕೆ ಗೊತ್ತಿಲ್ವಲ್ಲ."

ಕೊಳ್ಳುವವರಿಲ್ಲದೆ ಒಂದೇ ಹೊಲದಲ್ಲಿ ಉಳಿದ ತಳಿ ಆ ಹೊಲದವರೊಂದಿಗೇ ಅಳಿದುಹೋಗುತ್ತದೆ. ಅತ್ತೆಯ ಬದನೆ ತನ್ನ ಕೈಯಲ್ಲಿ ಮುಗಿಯಬಾರದೆಂದು ಕುಲ್ಸುಂ ಬೀ ತುಮಕೂರಿನ ಬಸ್ಸು ಹತ್ತಿ, ಸಾವಯವ ಶುದ್ಧತಾ ಕೋಶದಲ್ಲಿ ಅರ್ಜಿ ಬರೆಸಿದರು.

ಅರ್ಜಿಯ ಏಳನೇ ಕಲಂ, "ರಾಸಾಯನಿಕ ಬಳಕೆ ನಿಲ್ಲಿಸಿದ ದಿನಾಂಕ." ಅವರು "ಇಲ್ಲ" ಎಂದು ಬರೆಸಿದರು. ಇನ್ನೂ ನಿಲ್ಲಿಸಿಲ್ಲವೆಂದು ಕಂಪ್ಯೂಟರು ಅರ್ಥ ಮಾಡಿಕೊಂಡಿತು. ಹದಿನೈದು ದಿನಕ್ಕೆ ನೋಟಿಸು ಬಂತು: "ತಾವು ಭೂಮಿತಾಯಿಗೆ ಸತತವಾಗಿ ವಿಷವುಣಿಸುತ್ತಿರುವುದು ಕೋಶದ ಗಮನಕ್ಕೆ ಬಂದಿರುತ್ತದೆ. ಕೂಡಲೇ ನಿಲ್ಲಿಸಿ, ನಿಲ್ಲಿಸಿದ್ದಕ್ಕೆ ಪುರಾವೆ ಸಲ್ಲಿಸತಕ್ಕದ್ದು."

ಕುಲ್ಸುಂ ಬೀ ನೋಟಿಸು ಹಿಡಿದು ಮತ್ತೆ ತುಮಕೂರಿಗೆ ಹೋದರು. ಕೋಶದ ಪರಿವೀಕ್ಷಕ ಸಂಗಮೇಶ್ ಒಳ್ಳೆಯವರು. ಕೂರಲು ಕುರ್ಚಿ ಕೊಟ್ಟರು.

"ನಾನು ಹಾಕೇ ಇಲ್ಲ ಸಾರ್."

"ಹಾಕದೇ ಇರೋದು ಬೇರೆ, ಬಿಡೋದು ಬೇರೆ ಅಮ್ಮ. ಕುಡೀದೇ ಇರೋನಿಗೆ ಕುಡಿತ ಬಿಟ್ಟ ಅಂತ ಬರ್ಕೊಡಕ್ಕಾಗುತ್ತಾ?"

"ಮತ್ತೆ ಏನ್ಮಾಡ್ಲಿ?"

"ಒಂದು ಮೂಟೆ ಯೂರಿಯಾ ತಗೊಳ್ಳಿ. ಹಾಕಿ. ಆಮೇಲೆ ಬಿಡಿ. ಮೂರು ವರ್ಷಕ್ಕೆ ನೀವು ಸಾವಯವ."

ಪಕ್ಕದ ಹೊಲದ ಚಿಕ್ಕಗಂಗಮ್ಮ, "ನಮ್ಮನೇಲೇ ಅರ್ಧ ಮೂಟೆ ಬಿದ್ದದೆ, ತಗೊಂಡೋಗು" ಅಂದಳು. ಆದರೆ ರಸೀದಿ ಅರ್ಜಿದಾರರ ಹೆಸರಲ್ಲೇ ಇರತಕ್ಕದ್ದು. ಕುಲ್ಸುಂ ಬೀ ಮೂಟೆ ಕೊಂಡು ತಂದು, ದನದ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿತಾಟು ಮುಚ್ಚಿ ಇಟ್ಟರು. ಕೋಶದವರು ಮರೆತಾರು ಎಂಬ ಆಸೆ.

ಕೋಶ ಮರೆಯಲಿಲ್ಲ. ಸಂಗಮೇಶ್ ಖುದ್ದು ಬಂದರು. ಮೊದಲು ಐದು ಕೆಜಿ ಬದನೆಕಾಯಿಯನ್ನು ಮಾದರಿಯಾಗಿ ಸಂಗ್ರಹಿಸಲಾಯಿತು. ಅದರ ಪರೀಕ್ಷೆ ಆ ರಾತ್ರಿ ಸಂಗಮೇಶರ ಮನೆಯಲ್ಲಿ ಎಣ್ಣೆಗಾಯಿ ರೂಪದಲ್ಲಿ ನಡೆದು ತೃಪ್ತಿಕರವೆಂದು ಕಂಡುಬಂತು. ಮಾದರಿ ಜೀಪಿಗೇರಿದ ಮೇಲೆ ಸಂಗಮೇಶ್ ಫೋನು ತೆಗೆದು, "ಹಾಕಿ ಅಮ್ಮ, ಫೋಟೊ ಬೇಕು" ಎಂದರು.

ಕುಲ್ಸುಂ ಬೀ ಬೇಲಿ ಪಕ್ಕದ ಕಳೆಯ ಕಡೆ ಕೈ ಎತ್ತಿದರು.

"ಅಲ್ಲಲ್ಲ, ಬೀಜದ ಬೆಳೆಗೇ ಹಾಕ್ಬೇಕು."

ಹನ್ನೊಂದು ಗಿಡದ ಒಂದು ಸಾಲಿನ ಮುಂದೆ ಅವರು ಹೋಗಿ ನಿಂತರು. ಜ್ವರವಿಲ್ಲದ ಮಗುವಿಗೆ ಸೂಜಿ ಚುಚ್ಚಿಸಿದಂತಿತ್ತು. "ಮಾಫ್ ಮಾಡ್ರಮ್ಮ" ಎಂದು ಗಿಡಗಳಿಗೆ ಹೇಳಿ ಒಂದು ಹಿಡಿ ಎರಚಿದರು.

"ಈಗ ಬಿಟ್ಟೆ ಅನ್ನಿ."

"ಬಿಟ್ಟೆ."

ಏಳನೇ ಕಲಂ ಭರ್ತಿಯಾಯಿತು. ಸಂಗಮೇಶರ ಜೀಪು ಕೆರೆ ಏರಿ ದಾಟುವ ಮೊದಲೇ ಕುಲ್ಸುಂ ಬೀ ಆ ಹನ್ನೊಂದೂ ಗಿಡ ಕಿತ್ತುಹಾಕಿದರು. ಉಳಿದ ಸಾಲುಗಳ ಬೀಜವನ್ನು ಎಂದಿನಂತೆ ಬೂದಿಗೆ ಹಾಕಿ, ಮೂರು ವರ್ಷ ತಾವೇ ಬಿತ್ತಿ ತಾವೇ ಬೆಳೆದು ತಳಿಯ ಜೀವ ಉಳಿಸಿಕೊಂಡರು.

ನಾಲ್ಕನೇ ವರ್ಷ ತುಮಕೂರಿನಲ್ಲಿ ಸಮಾರಂಭ. "ರಾಸಾಯನಿಕ ದಾಸ್ಯದಿಂದ ಹೊರಬಂದ ದಿಟ್ಟ ಮಹಿಳೆ" ಎಂದು ಶಾಲು ಹೊದಿಸಿ ಸರ್ಟಿಫಿಕೇಟು ಕೊಟ್ಟರು. ಬಿಡಲು ಎಷ್ಟು ಕಷ್ಟವಾಯಿತೆಂದು ನಿರೂಪಕಿ ಕೇಳಿದಳು.

"ಬಿಡೋದೇನು ಕಷ್ಟ ಇರ್ಲಿಲ್ಲ. ಹಿಡಿಯೋದೇ ಕಷ್ಟ ಆಯ್ತು" ಎಂದರು ಕುಲ್ಸುಂ ಬೀ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಇದರಿಂದ ಸ್ಫೂರ್ತಿಗೊಂಡು, ಎಂದೂ ಗೊಬ್ಬರ ಮುಟ್ಟದ ಬೆಳೆಗಾರರೆಲ್ಲ ಯೂರಿಯಾಕ್ಕೆ ಸಾಲು ನಿಂತರು. ಗೊಬ್ಬರದಂಗಡಿಯವರು "ಸಾವಯವ ಕೃಷಿಕರಿಗೆ ಪ್ರತ್ಯೇಕ ಕ್ಯೂ" ಎಂದು ಬೋರ್ಡು ಹಾಕಿದರು. ಕೋಶವು ಕುಲ್ಸುಂ ಬೀಯವರನ್ನು ತರಬೇತುದಾರರನ್ನಾಗಿ ನೇಮಿಸಿತು.

ಮೊದಲು ಬಂದವಳು ಕುಣಿಗಲ್ ಕಡೆಯ ಗಿರಿಯಮ್ಮ. ಹೀರೆ ಬೀಜದವಳು, ಮೂಟೆ ಕಂಡರೇ ಕಣ್ಣಲ್ಲಿ ನೀರು.

"ಒಂದೇ ಹಿಡಿ ಸಾಕು ಕಣಮ್ಮ" ಎಂದರು ಕುಲ್ಸುಂ ಬೀ, ಅವಳ ಬೆನ್ನು ಸವರಿ. "ಅಳು ಬಂದ್ರೆ ಅಳು, ತೊಂದ್ರೆ ಇಲ್ಲ. ಫೋಟೊದಲ್ಲಿ ನಗಬೇಡ ಮಾತ್ರ. ನಕ್ಕರೆ ಪಶ್ಚಾತ್ತಾಪ ಸಾಲದು ಅಂತ ಅರ್ಜಿ ವಾಪಸ್ ಕಳಿಸ್ತಾರೆ."