ರಾಣಿ ರೂಪಾಯಿಯ ಬಣ್ಣ

ಹುಣಸೆಹಣ್ಣು ಒಬ್ಬ ಮನುಷ್ಯನ ಬಾಳು ಹಾಳು ಮಾಡಬಲ್ಲದು ಎಂದು ಗುಳೇದಗುಡ್ಡದ ನೇಕಾರ ಹುಚ್ಚೇಶನಿಗೆ ಆ ಸೋಮವಾರದ ತನಕ ಗೊತ್ತಿರಲಿಲ್ಲ. ಮುಖ ತೊಳೆದು ಒಳಗೆ ಬಂದರೆ, ಪಕ್ಕದ ಮನೆಯ ಇಂದ್ರಾಬಾಯಿ ದೇವರ ಜಗಲಿಯ ಮುಂದೆ ಕೂತು, ಒಂದು ಬೆಳ್ಳಿ ರೂಪಾಯಿಗೆ ಹುಣಸೆಹಣ್ಣು, ವಿಭೂತಿ ಹಚ್ಚಿ ಗಸಗಸ ತಿಕ್ಕುತ್ತಿದ್ದಳು. ಪಕ್ಕದಲ್ಲಿ ಕುಪ್ಪಸದ ಖಣದ ಹಳೇ ತುಂಡೊಂದು ಬಿಚ್ಚಿ ಬಿದ್ದಿತ್ತು.

“ನಿನ್ನ ಹೇಂತಿ ಅಂಬವ್ವ ನಸಕಿನ್ಯಾಗ ಮಹಾಕೂಟದ ಗುಡಿಗೆ ಹ್ವಾದ್ಲಲ್ಲ, ದೇವರ ಸಾಮಾನ ನಾನ ತಿಕ್ಕಿಟ್ರಾತು ಅಂತ ಬಂದ್ನಿ. ಶ್ರಾವಣದಾಗ ದೇವರ ಮುಂದ ಕರಿ ಬೆಳ್ಳಿ ಇಡಬಾರದೋ ತಮ್ಮಾ. ನೋಡು, ಈಗ ಹೆಂಗ ಹೊಳ್ಯಾಕತ್ತೈತಿ.”

ಹೊಳೆಯುತ್ತಿತ್ತು, ನಿಜ. ಹುಚ್ಚೇಶನಿಗೆ ಎದೆ ಒಡೆದಂತಾಯಿತು.

ಅದು ಅವನ ಅಜ್ಜಿಯ ಕಾಲದ ರಾಣಿ ಛಾಪಿನ ರೂಪಾಯಿ. ಖಣದ ತುಂಡಿನಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿ ಇಟ್ಟದ್ದು, ಎರಡು ತಲೆಮಾರು ಯಾರೂ ಬಿಚ್ಚಿರಲಿಲ್ಲ. ಮೊನ್ನೆ ಬಿಚ್ಚಿದಾಗ ನಡುವೆ ಹೊನ್ನಿನ ಬಣ್ಣ, ಸುತ್ತ ನೇರಳೆ, ಅಂಚಿಗೆ ನವಿಲಿನ ನೀಲಿ. ಅದೇ ಖಣದ ಮೇಲೆ ದೇವರ ಜಗಲಿಯಲ್ಲಿ ಇಟ್ಟಿದ್ದ. ನಾಣ್ಯ ಕೊಳ್ಳುತ್ತೇನೆಂದು ಪೇಪರಿನಲ್ಲಿ ಜಾಹೀರಾತು ಕೊಟ್ಟಿದ್ದ ಬಾಗಲಕೋಟೆಯ ಪಾನಘಂಟಿ ಎಂಬುವರಿಗೆ ಫೋನ್ ಹಚ್ಚಿದರೆ, “ತಾನಾಗೇ ಬಂದ ಬಣ್ಣ ಇದ್ರ ಕೇಳಿದಷ್ಟು ಕೊಡ್ತೇನಿ. ಕೈಲೆ ಮಾಡಿದ್ದಾದ್ರ ಮುಟ್ಟಾಂಗಿಲ್ಲ. ಸೋಮವಾರ ನಾನ ಬರ್ತೇನಿ” ಎಂದಿದ್ದರು.

ಕೇಳಿದಷ್ಟು ಎಂದರೆ ಒಂದು ಮಗ್ಗ. ಹುಚ್ಚೇಶನ ಅಪ್ಪ ದುಡಿದದ್ದೂ ಪಾಂಡಪ್ಪನ ಮನೆಯ ಮಗ್ಗದ ಮೇಲೆ, ಹುಚ್ಚೇಶ ದುಡಿಯುತ್ತಿರುವುದೂ ಅದರ ಮೇಲೇ. ನೇಯ್ದ ಖಣ ಪಾಂಡಪ್ಪನದು, ಬೆನ್ನುನೋವು ಮಾತ್ರ ಇವರದು. ಕಮತಗಿಯ ಹುಲ್ಲಪ್ಪ ತನ್ನ ಮಗ್ಗ ಮಾರುವವನಿದ್ದ. ಸೋಮವಾರ ಸಂಜೆಯ ತನಕ ಕಾಯುತ್ತೇನೆ, ಆಮೇಲೆ ಇಳಕಲ್ಲಿನವರಿಗೆ ಕೊಡುತ್ತೇನೆ ಎಂದಿದ್ದ.

ಪಾನಘಂಟಿಯವರನ್ನು ತಡೆಯೋಣವೆಂದು ಹುಚ್ಚೇಶ ರೂಪಾಯಿ ಜೇಬಿಗಿಟ್ಟು ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಓಡಿದ. “ಅವರು ಆಗಲೇ ಹೊಂಟ್ರು, ನಡುವ ಬದಾಮ್ಯಾಗ ಕೆಲಸ ಐತಿ” ಎಂದಿತು ಅತ್ತಲಿನ ದನಿ. ಅವನು ಎದುರಿಗಿದ್ದ, ಬೇಯಿಸಿದ ಮೊಟ್ಟೆ ಮಾರುವ ಬಂದೇನವಾಜನ ತತ್ತಿ ಗಾಡಿಯ ಪಕ್ಕದಲ್ಲಿ ಕುಸಿದು ಕೂತ.

ಕತೆಯೆಲ್ಲ ಕೇಳಿದ ಬಂದೇನವಾಜ ತನ್ನ ಕೈಬೆರಳು ಮುಂದೆ ಚಾಚಿದ. “ಈ ಬೆಳ್ಳಿ ಉಂಗರ ನೋಡು. ಕುದ್ದ ತತ್ತಿ ಸುಲದ ಸುಲದ ಎಂಥಾ ಬಣ್ಣ ಬಂದೈತಿ. ನಿನ್ನ ರೂಪಾಯಿನೂ ತತ್ತಿ ಜೋಡಿ ಮುಚ್ಚಿಡು, ಸಂಜಿ ಅನ್ನೋದರಾಗ ಬಣ್ಣ ಹಿಡೀತೈತಿ.”

ಮುಳುಗುವವನಿಗೆ ತತ್ತಿಯೂ ಆಸರೆಯೇ. ಬಿಸಿಬಿಸಿ ತತ್ತಿ ಒಡೆದು, ನಡುವೆ ರೂಪಾಯಿ ಇಟ್ಟು, ಡಬ್ಬಿ ಮುಚ್ಚಿ ಹುಚ್ಚೇಶ ಮನೆಗೆ ತಂದ. ಆದರೆ ಆ ಓಣಿಯಲ್ಲಿ ಶ್ರಾವಣ ಬಂತೆಂದರೆ ಉಳ್ಳಾಗಡ್ಡಿ ತಿನ್ನುವವರೂ ಕದ ಹಾಕಿಕೊಂಡೇ ತಿನ್ನಬೇಕು. ಮಧ್ಯಾಹ್ನದ ಹೊತ್ತಿಗೆ ಇಂದ್ರಾಬಾಯಿಯ ಮೂಗಿಗೆ ವಾಸನೆ ಬಡಿಯಿತು. ಅವಳ ಮೂಗಿಗೆ ಬಡಿದದ್ದು ಓಣಿಗೆಲ್ಲ ಬಡಿದ ಹಾಗೆ. ಪಾಂಡಪ್ಪನೂ ಬಂದ.

“ಲೇ ಹುಚ್ಯಾ, ಏನ್ ಸತ್ತೈತಿಲೇ ನಿನ್ನ ಮನ್ಯಾಗ?”

“ಏನಿಲ್ರಿ ಮಾಲಕರ. ಗಟಾರದ ವಾಸನಿ.”

“ಗಟಾರ ಹೊರಗೈತಿ. ವಾಸನಿ ನಿನ್ನ ಬುಡದಾಗಿಂದ ಬರಾಕತ್ತೈತಿ.”

ನಿಜಕ್ಕೂ ಅವನು ಡಬ್ಬಿಯ ಮೇಲೇ ಕೂತಿದ್ದ. ಪಾಂಡಪ್ಪ ಎಬ್ಬಿಸುವ ಮೊದಲೇ ಪಾನಘಂಟಿಯವರು ಬಾಗಿಲಲ್ಲಿ ನಿಂತಿದ್ದರು. ಹುಚ್ಚೇಶ ಡಬ್ಬಿಯನ್ನು ಅಡುಗೆಮನೆಗೊಯ್ದು, ರೂಪಾಯಿ ತೊಳೆದು ಒರೆಸಿ ತಂದುಕೊಟ್ಟ. ಬಣ್ಣವೇನೋ ಬಂದಿತ್ತು, ಹಳದಿಯೂ ಇತ್ತು, ನೀಲಿಯೂ ಇತ್ತು.

ಪಾನಘಂಟಿ ಅದನ್ನು ಹೆಬ್ಬೆರಳಿನಿಂದ ತಿಕ್ಕಿ, ಮೂಗಿನ ಹತ್ತಿರ ಹಿಡಿದರು. “ತತ್ತಿ,” ಎಂದರು. “ಅದೂ ಶ್ರಾವಣ ಸೋಮವಾರ.”

ಇಂದ್ರಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹುಚ್ಚೇಶನಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ಅಷ್ಟರಲ್ಲಿ ಅಂಬವ್ವ ಮಹಾಕೂಟದಿಂದ ಬಂದಳು. ನಡೆದದ್ದನ್ನು ಕೇಳಿ, ಸೊಂಟದ ಎಲೆ ಅಡಿಕೆಯ ಸಂಚಿಯಿಂದ ಏನೋ ಹೊರತೆಗೆದಳು.

“ಅದು ದೇವರ ಪೆಟ್ಟಿಗ್ಯಾಗಿನ ಇನ್ನೊಂದು ರಾಣಿ ರೂಪಾಯ್ರಿ. ಓಣಿ ಮಂದಿ ಬಂದು ನೋಡಿ ಮುಟ್ಟತಾರಂತ ಅದನ್ನ ಖಣದ ಮ್ಯಾಲ ಇಟ್ಟು, ಖರೇದನ್ನ ನಾನ ಒಯ್ದಿದ್ನಿ. ಇಲ್ಲೈತಿ ನೋಡ್ರಿ.”

ಹೊನ್ನು, ನೇರಳೆ, ನವಿಲು ನೀಲಿ. ಹುಚ್ಚೇಶನ ಕಣ್ಣು ತುಂಬಿ ಬಂದವು. ಪಾನಘಂಟಿ ಮಸೂರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನಕ್ಕರು.

“ಇದು ಎರಡನೇ ತತ್ತೀದೇನ್ರಿ? ಮೊದಲನೇದಕಿಂತ ಚಲೋ ಕುದ್ದೈತಿ.”

ಓಣಿಯೇ ನಕ್ಕಿತು. ಹುಚ್ಚೇಶ ಆಣೆ ಮಾಡಿದ, ಅಂಬವ್ವ ಮಹಾಕೂಟೇಶನ ಮೇಲೆ ಆಣೆ ಮಾಡಿದಳು. ಒಂದು ಸಲ ತತ್ತಿ ಬೇಯಿಸಿದವನ ಆಣೆಯನ್ನು ಯಾರು ನಂಬುತ್ತಾರೆ? ಪಾನಘಂಟಿ ಪೊಲೀಸರ ಮಾತು ತೆಗೆದರು. ಪಾಂಡಪ್ಪ ನಡುವೆ ಬಂದ.

“ಸಾಹೇಬ್ರ, ನಮ್ಮ ಕೆಲಸದಾಂವ, ಬಿಟ್ಟುಬಿಡ್ರಿ.”

“ನಿಮ್ಮ ಮಾರಿ ನೋಡಿ ಬಿಟ್ಟೇನಿ. ಹಿಂಗೂ ಮೋಸ ಮಾಡ್ತಾರಂತ ಮಂದಿಗೆ ತೋರಸಾಕ ಈ ಎರಡನೇದು ನನಗಿರಲಿ. ಬೆಳ್ಳಿ ತೂಕದ ರೊಕ್ಕ ಕೊಡ್ತೇನಿ.”

“ಕೊಟ್ಟ ಕಳಸಲೇ. ಮಾನರ ಉಳೀಲಿ,” ಎಂದ ಪಾಂಡಪ್ಪ. ಹುಚ್ಚೇಶ ತಲೆ ತಗ್ಗಿಸಿ ಕೊಟ್ಟ. ಬಂದ ದುಡ್ಡಿನಲ್ಲಿ ಮಗ್ಗವಿರಲಿ, ಮಗ್ಗದ ಹಗ್ಗವೂ ಬರುತ್ತಿರಲಿಲ್ಲ.

ಎಲ್ಲರೂ ಹೋದ ಮೇಲೆ ಅಂಬವ್ವ ಕೇಳಿದಳು. “ಅಲ್ರೀ, ತತ್ತೀದನ್ನ ಹೆಬ್ಬಟ್ಟಲೆ ಹೆಂಗ ಬೇಕ ಹಂಗ ತಿಕ್ಕಿದ. ನಾ ಕೊಟ್ಟದ್ದನ್ನ ಅಂಚಿಗಷ್ಟ ಹಿಡದ, ಅದರ ಮ್ಯಾಲ ಉಸರೂ ಬಿಡಲಿಲ್ಲ. ಹೋಗೂ ಮುಂದ ಹತ್ತಿ ಅರಳಿ ಹಾಸಿದ ಡಬ್ಬ್ಯಾಗ ಇಟಗೊಂಡ. ಮೋಸದ ರೂಪಾಯಿನ ಯಾರರ ಹಂಗ ಇಡ್ತಾರೇನ್ರಿ?”

ಹುಚ್ಚೇಶ ಚಪ್ಪಲಿ ಮೆಟ್ಟದೆ ಬಸ್ ಸ್ಟ್ಯಾಂಡಿಗೆ ಓಡಿದ. ಬಾಗಲಕೋಟೆ ಬಸ್ಸು ಹೋಗಿ ಧೂಳೂ ಇಳಿದಿತ್ತು. ಬಂದೇನವಾಜ ಗಾಡಿ ಒರೆಸುತ್ತಿದ್ದ.

“ನಿನ್ನ ಸಾಹೇಬ್ರು ಭಾಳ ಖುಷಿಯಾಗಿದ್ರಪಾ. ಇಲ್ಲೇ ನಿಂತು ಎರಡು ತತ್ತಿ ತಿಂದು, ಚಿಲ್ಲರ ನೀನ ಇಟಗೋ ಅಂದ್ರು,” ಎಂದ.