ಕೆಂಚಿಯ ಭಾವಚಿತ್ರ

ಗೋಣಿಬೀಡಿನ ದಯಾನಂದರಿಗೆ ಈ ಲೋಕದ ಮೇಲಿದ್ದದ್ದು ಒಂದೇ ದೂರು. ಅವರು ಬಿಡಿಸಿದ ಬೆಕ್ಕನ್ನು ಯಾರೂ ಬೆಕ್ಕು ಅನ್ನುತ್ತಿರಲಿಲ್ಲ.

ಜೀವಮಾನವೆಲ್ಲ ಕಾಫಿ ಎಸ್ಟೇಟಿನ ರೈಟರಾಗಿ ಆಳುಗಳ ಹಾಜರಿ ಬರೆದ ಕೈ, ನಿವೃತ್ತಿಯಾದ ಮೇಲೆ ಸುಮ್ಮನಿರಲು ಒಪ್ಪಲಿಲ್ಲ. ಬಣ್ಣದ ಪೆನ್ಸಿಲ್ಲಿನ ಡಬ್ಬಿಯೊಂದು ಮನೆಗೆ ಬಂತು. ಅಂದಿನಿಂದ ಕಣ್ಣಿಗೆ ಬಿದ್ದದ್ದೆಲ್ಲ ಕಾಗದಕ್ಕೂ ಬಿತ್ತು. ತೋಟದ ದಾರಿಯಲ್ಲಿ ಸಿಕ್ಕ ಮುಳ್ಳುಹಂದಿಯ ಮುಳ್ಳು, ಹಿಡಿ ಮುರಿದ ಕೊಡೆ, ಯಾರೋ ಬಿಟ್ಟುಹೋದ ಒಂಟಿ ಹವಾಯಿ ಚಪ್ಪಲಿ, ಎಲ್ಲಕ್ಕೂ ಮೋಕ್ಷ. ಭಾನುವಾರ ಬಂತೆಂದರೆ ಬಸ್ಸು ಹತ್ತಿ ಕಲಾಯಾತ್ರೆ. ಕಳಸದಲ್ಲಿ ಜೀಪುಗಳನ್ನು ಬಿಡಿಸಿದರು (ಚಕ್ರ ಮುಗಿಯುವಷ್ಟರಲ್ಲಿ ಜೀಪು ಹೊರಟುಬಿಡುತ್ತಿದ್ದುದರಿಂದ ಅವರ ಜೀಪುಗಳೆಲ್ಲ ಬರೀ ಚಕ್ರ). ವಸ್ತಾರೆಯಲ್ಲಿ ಅಂಗಡಿಯೊಂದರ ಎದುರು ಕೂತು, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ಎತ್ತಿ ಹಿಡಿದು ಅಳತೆ ತೆಗೆಯುತ್ತಿದ್ದಾಗ ಅಂಗಡಿಯವನು ರಸ್ತೆ ಅಗಲ ಮಾಡುವ ಸರ್ವೆಯವರೇ ಬಂದರೆಂದು ಹೆದರಿ, ಕಾಫಿ ಬೋಂಡ ತಂದಿಟ್ಟು, "ಸಾರ್, ನಮ್ಮ ಮೆಟ್ಲು ಒಂದು ಉಳಿಸ್ಕೊಡಿ" ಎಂದು ಕೈ ಮುಗಿದ. ದಯಾನಂದರು ಬೋಂಡ ತಿಂದು ಮೆಟ್ಟಿಲು ಉಳಿಸಿಕೊಟ್ಟರು (ಚಿತ್ರದಲ್ಲಿ).

ಆದರೆ ಅವರ ಕಲಾಜೀವನದ ಪರಮ ಗುರಿ ಮನೆಯ ಕೆಂಪು ಪಟ್ಟೆಯ ಬೆಕ್ಕು, ಕೆಂಚಿ. ಜಗಲಿಯಲ್ಲಿ ಕೂರಿಸಿ ಬಿಡಿಸಿದ್ದೇ ಬಿಡಿಸಿದ್ದು. ಹಾಲಿನವನು ನೋಡಿ "ನರಿನಾ?" ಅಂದ. ಪಕ್ಕದ ಮನೆಯ ಪ್ರೇಮಲತಾ ಬಹಳ ಹೊತ್ತು ದಿಟ್ಟಿಸಿ, "ಹಲಸಿನಹಣ್ಣು ಚೆನ್ನಾಗಿ ಬಂದಿದೆ" ಅಂದಳು.

ಹೆಂಡತಿ ಶಂಕರಮ್ಮ ಸ್ನಾನದ ಹಂಡೆಗೆ ಉರಿ ಹಾಕುವಾಗಲೆಲ್ಲ ಕಾಗದದ ಕಟ್ಟಿನ ಕಡೆ ನೋಡತೊಡಗಿದರು.

"ರೀ, ಇದನ್ನ ಒಲೆಗೆ ಹಾಕ್ಲಾ?"

"ಕಲೆ ಅದು ಮಾರಾಯ್ತಿ."

"ಬಟ್ಟೆ ಮೇಲಾಗಿದ್ರೆ ತಿಕ್ಕಿ ತೆಗೀತಿದ್ದೆ."

ಜಗಳ ಬೆಳೆದು ಕೊನೆಗೊಂದು ರಾಜಿಯಾಯಿತು. "ನೀವು ಹೇಳ್ಕೊಡದೆ ಯಾರಾದ್ರೂ ಒಬ್ರು ತಾವಾಗೇ ಇದು ಬೆಕ್ಕು ಅನ್ಲಿ. ನಾನೇ ಫ್ರೇಮ್ ಹಾಕ್ಸಿ ಹಾಲ್‌ನಲ್ಲಿ ತೂಗುಹಾಕ್ತೀನಿ. ಗೌರಿಹಬ್ಬದೊಳಗೆ ಯಾರೂ ಅನ್ಲಿಲ್ವಾ, ಪೂರ್ತಿ ಕಟ್ಟು ಹಂಡೆ ಒಲೆಗೆ."

ಹಬ್ಬ ಹತ್ತಿರವಾಗುತ್ತಿತ್ತು. ಒಂದು ದಿನ ಮೇಲಿನ ತೋಟದ ಜಯದೇವಪ್ಪ ಏಣಿ ಕೇಳಲು ಬಂದವರು, ಜಗಲಿಯಲ್ಲಿದ್ದ ಚಿತ್ರ ಕಂಡು ಒಂದು ಹೆಜ್ಜೆ ಹಿಂದೆ ಸರಿದರು.

"ಏನ್ ರೈಟ್ರೇ ಇದು, ಹುಲಿ ಹಿಂಗೆ ಗುರಾಯಿಸ್ತಿದೆ?"

ಒಳಗಿನಿಂದ ಶಂಕರಮ್ಮ ಕೆಮ್ಮಿದ್ದು ಕೇಳಿಸಿತು.

"ನನ್ನ ತೋಟದಲ್ಲಿ ಮಂಗ ಒಂದು ಬಾಳೆಗೊನೆ ಉಳಿಸ್ತಿಲ್ಲ ಮಾರಾಯ್ರೆ. ಇದನ್ನ ಆಳೆತ್ತರದ ಫ್ಲೆಕ್ಸ್ ಮಾಡ್ಸಿ ಬೇಲಿಗೆ ಕಟ್ತೀನಿ. ಮಂಗ ಅಲ್ಲ, ಮಂಗನ ವಂಶವೇ ಊರು ಬಿಡ್ಬೇಕು."

ಅದು ಬೆಕ್ಕು ಎಂದು ಹೇಳಲು ದಯಾನಂದರ ಬಾಯಿ ತೆರೆದದ್ದು ನಿಜ. ಆದರೆ ಆಳೆತ್ತರದ ಫ್ಲೆಕ್ಸು ಎಂಬ ಮಾತು ಕಿವಿಗೆ ಬಿದ್ದ ಮೇಲೆ ಯಾವ ಕಲಾವಿದನ ಬಾಯಿ ತೆರೆದೇ ಇರುತ್ತದೆ? ಮುಚ್ಚಿಕೊಂಡಿತು.

ಮೂಡಿಗೆರೆಯಲ್ಲಿ ಫ್ಲೆಕ್ಸ್ ಆಗಿ ಬಂತು, ಬೇಲಿಗೆ ಏರಿತು. ಮರುದಿನ ಬೆಳಿಗ್ಗೆ ಜಯದೇವಪ್ಪ ಮುಖ ಊದಿಸಿಕೊಂಡು ಬಂದರು.

"ಬನ್ನಿ ರೈಟ್ರೇ, ನಿಮ್ಮ ಹುಲಿಯ ಒಡ್ಡೋಲಗ ನೋಡಿ."

ಹೋಗಿ ನೋಡಿದರೆ, ಮಂಗಗಳು ಫ್ಲೆಕ್ಸಿನ ಮುಂದೆ ಪಂಕ್ತಿಯಲ್ಲಿ ಕೂತು ಬಾಳೆಹಣ್ಣಿನ ಊಟ ಮಾಡುತ್ತಿದ್ದವು. ತಾಯಿಮಂಗವೊಂದು ಅದರ ನೆರಳಿನಲ್ಲಿ ಮರಿಯ ಹೇನು ಹೆಕ್ಕುತ್ತಿತ್ತು. ಇನ್ನೊಂದು ಮೇಲೇರಿ ಕೂತು, ತನ್ನ ಬಾಲವನ್ನು ಕೆಂಚಿಯ ಮೂಗಿನ ಮೇಲೆ ಇಳಿಬಿಟ್ಟಿತ್ತು.

"ಒಂದಕ್ಕಾದ್ರೂ ಹೆದ್ರಿಕೆ ಇದ್ಯಾ? ಇದನ್ನ ಬೆಕ್ಕು ಅಂತ ತಿಳ್ಕಂಡಿದಾವೆ."

ದಯಾನಂದರ ಕಣ್ಣು ತುಂಬಿ ಬಂತು. "ಇನ್ನೊಂದ್ಸಲ ಹೇಳಿ."

"ಏನನ್ನ?"

"ಅದೇ, ಏನಂತ ತಿಳ್ಕಂಡಿದಾವೆ?"

ಪಂಚೆ ಎತ್ತಿ ಕಟ್ಟಿಕೊಂಡು ಮನೆಗೆ ಓಡಿದರು. ಶಂಕರಮ್ಮ ದೋಸೆ ಮಗುಚುತ್ತಾ ಪೂರ್ತಿ ಕೇಳಿಸಿಕೊಂಡು ತೀರ್ಪು ಕೊಟ್ಟರು. "ಮಂಗಗಳ ಸಾಕ್ಷಿ ನಡೆಯಲ್ಲ. ಮನುಷ್ಯರು ಅನ್ಬೇಕು."

ಇತ್ತ ಜಯದೇವಪ್ಪನವರದು ಬೇರೆ ಪಟ್ಟು. ಈ ಸಲ ಅಸಲಿ ಹುಲಿಯನ್ನೇ ಬಿಡಿಸಿಕೊಡಬೇಕು. ದಯಾನಂದರು ಛಲದಿಂದ ಕೂತರು. ಕೋರೆಹಲ್ಲು, ಉಗುರು, ಕಾಡು ನಡುಗಿಸುವಂತೆ ತೆರೆದ ಬಾಯಿ. ಕೆಂಪು ಪೆನ್ಸಿಲ್ ಸವೆದು ಬೆರಳಿಗೆ ಸಿಗದಂತಾಯಿತು. ಘರ್ಜಿಸುವ ವ್ಯಾಘ್ರವನ್ನು ಜಗಲಿಯಲ್ಲಿ ಒರಗಿಸಿಟ್ಟು, ಕೈ ತೊಳೆದು ಬರುವಷ್ಟರಲ್ಲಿ ಅದರ ಮುಂದೆ ಶಂಕರಮ್ಮ ಮತ್ತು ಪ್ರೇಮಲತಾ ನಿಂತಿದ್ದರು.

"ಅಯ್ಯೋ ಅಕ್ಕ, ನಿಮ್ಮ ಕೆಂಚಿ ಎಷ್ಟು ಮುದ್ದಾಗಿ ಆಕಳಿಸ್ತಿದೆ ನೋಡಿ," ಅಂದಳು ಪ್ರೇಮಲತಾ.

ಶಂಕರಮ್ಮ ಚಿತ್ರವನ್ನು ನೋಡಿದರು, ಗಂಡನನ್ನು ನೋಡಿದರು. ಅವರ ದನಿ ಮೆತ್ತಗಾಯಿತು. "ಹೌದು ಕಣ್ರೀ. ನಮ್ಮ ಕೆಂಚಿನೇ. ನಾನು ಸೋತೆ."

ಹುಲಿ ಎಂಬ ಎರಡಕ್ಷರ ದಯಾನಂದರ ನಾಲಿಗೆಯ ತುದಿಯವರೆಗೆ ಬಂದಿತ್ತು. ಹಂಡೆ ಒಲೆಯ ಹೊಗೆ ಕಣ್ಣಿಗೆ ಕಂಡಿತು. ನುಂಗಿಕೊಂಡರು.

ಮಾತಿಗೆ ತಪ್ಪದೆ ಶಂಕರಮ್ಮ ಗಾಜು ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದರು. ಬಂದವರನ್ನೆಲ್ಲ ಅದರ ಮುಂದೆ ನಿಲ್ಲಿಸಿ "ನಮ್ಮವರು ಬರ್ದಿದ್ದು" ಎನ್ನುತ್ತಾರೆ. ಬಂದವರೆಲ್ಲ ಬೆಕ್ಕು ಬೆಕ್ಕು ಎಂದು ಹೊಗಳುತ್ತಾರೆ. ದಯಾನಂದರು ತಲೆ ತಗ್ಗಿಸುತ್ತಾರೆ (ಎಂಥ ವಿನಯ ಎಂದು ಅದಕ್ಕೂ ಹೊಗಳಿಕೆ).

ಹಬ್ಬದ ದಿನ ಜಯದೇವಪ್ಪ ಬಂದು, "ಎಲ್ಲಿ ರೈಟ್ರೇ ನನ್ನ ಹುಲಿ?" ಎಂದು ಕೇಳಿದರು.

ನೇರ ಅದರ ಕೆಳಗೇ ಕೂತಿದ್ದ ದಯಾನಂದರು, "ಇನ್ನೂ ಆಗಿಲ್ಲ," ಎಂದರು.

ಜಯದೇವಪ್ಪ ತಲೆಯೆತ್ತಿ ಗೋಡೆಯನ್ನು ಬಹಳ ಹೊತ್ತು ನೋಡಿದರು. "ಹುಲಿ ನಿಮ್ಮ ಕೈಲಾಗಲ್ಲ, ಬಿಟ್ಬಿಡಿ ಮಾರಾಯ್ರೆ. ಬೆಕ್ಕು ಮಾತ್ರ, ಈಗ ಎದ್ದು ಹಾಲಿಗೆ ಬರೋ ಹಂಗಿದೆ."